ಗ್ರೀಕ್, ಲ್ಯಾಟಿನ್ ಕಳ್ಳರನ್ನು ನಾನು ವಿಂಗಡಿಸಿದ್ದು ಹೀಗೆ

ಗ್ರೀಕ್, ಲ್ಯಾಟಿನ್ ಓದಲು ಕೂತರೆ ಕಳ್ಳಕಾಕರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ನಿಘಂಟು ತೆಗೆದರೆ ಎಲ್ಲರೂ ಕಳ್ಳರು, ಇಲ್ಲಾ ದುಷ್ಟರು. ಇದನ್ನು ಬಾಯಿಪಾಠ ಮಾಡಿ ಏನು ಬಂತು? ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಅರ್ಥ ಬರೆಯುವ ಮೊದಲು ಆಸಾಮಿಯ ವಿವರ ಬರೆಯುತ್ತೇನೆ. ಎಲ್ಲಿರುತ್ತಾನೆ, ಕೈಯಲ್ಲಿ ಏನಿದೆ, ಕದ್ದುಮುಚ್ಚಿ ಬರುತ್ತಾನೋ ಎದುರಿಗೇ ನುಗ್ಗುತ್ತಾನೋ, ಇಷ್ಟು.

ಗ್ರೀಕಿನ ಕ್ಲೆಪ್ಟೇಸ್ ಕಣ್ಣು ತಪ್ಪಿಸಿ ಕದಿಯುವವನು. ಲೇಸ್ಟೇಸ್ ಹೊಡೆದು ಬಡಿದು ಕಿತ್ತುಕೊಳ್ಳುವವನು. ಲ್ಯಾಟಿನ್ನಿನಲ್ಲಿ ಇದೇ ಜೋಡಿ ಫೂರ್ ಮತ್ತು ಲಾತ್ರೋ. ಬೈಬಲ್ಲಿನ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದ ಮೊದಲ ವಾಕ್ಯವನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಓದಿ, ನಾಲ್ಕೂ ಒಟ್ಟಿಗೆ ಸಿಗುತ್ತವೆ. ಅಂದಹಾಗೆ, ಲಾತ್ರೋ ಮೊದಲಿಗೆ ಕೂಲಿ ಸಿಪಾಯಿ. ಹಳೆಯ ರೋಮನ್ ನಾಟಕಕಾರ ಪ್ಲಾಟಸ್‌ನ ನಾಟಕಗಳಲ್ಲಿ ಸಂಬಳಕ್ಕೆ ಕಾದಾಡುತ್ತಿದ್ದವನು, ಮುಂದೆ ರೋಮಿನ ವಾಗ್ಮಿ ಸಿಸೆರೋ ಕಾಲಕ್ಕೆ ದರೋಡೆಕೋರ ಆಗಿಬಿಟ್ಟಿದ್ದಾನೆ. ಸಂಬಳ ನಿಂತ ಸಿಪಾಯಿ ಇನ್ನೇನು ಮಾಡುತ್ತಾನೆ, ಅಲ್ವಾ?

ಚೂರಿ ಹಾಕುವ ಕೊಲೆಗಡುಕ ಸಿಕಾರಿಯುಸ್‌ಗೆ ಹೆಸರು ಬಂದದ್ದು ಕೈಯಲ್ಲಿರುವ ಸಿಕಾದಿಂದ, ಅಂದರೆ ಬಾಗಿದ ಚೂರಿಯಿಂದ. ಕ್ರಿ.ಪೂ. 81ರಲ್ಲಿ ರೋಮಿನ ಸರ್ವಾಧಿಕಾರಿ ಸುಲ್ಲಾ ತಂದ ಕಾನೂನಿನ ಹೆಸರಲ್ಲೇ ಇವನೂ ವಿಷ ಹಾಕುವವನೂ ಜೊತೆಗಿದ್ದಾರೆ.

ನನಗೆ ಜಾಸ್ತಿ ಖುಷಿ ಕೊಟ್ಟವರು ಮಾತ್ರ ಅಥೆನ್ಸಿನವರು. ಅಲ್ಲಿ ಕಕೂರ್ಗೋಸ್, ಅಂದರೆ ಕೆಟ್ಟ ಕೆಲಸ ಮಾಡುವವನು, ಸುಮ್ನೆ ಬೈಗುಳವಲ್ಲ, ಕಾನೂನಿನ ಮಾತೂ ಹೌದು. ಕೃತ್ಯ ಮಾಡುವಾಗಲೇ ಸಿಕ್ಕಿಬಿದ್ದವನನ್ನು ಎಳೆದುಕೊಂಡು ಹೋಗಿ 'ಹನ್ನೊಂದು ಜನ' ಎಂದು ಕರೆಸಿಕೊಳ್ಳುತ್ತಿದ್ದ ಅಧಿಕಾರಿಗಳಿಗೆ ಒಪ್ಪಿಸಬಹುದಿತ್ತು. ತಪ್ಪೊಪ್ಪಿಕೊಂಡರೆ ವಿಚಾರಣೆಯೂ ಇಲ್ಲ, ನೇರ ಮರಣದಂಡನೆ. ಲೋಪೋದ್ಯುಟೇಸ್ ಈ ಗುಂಪಿನವನು, ಮೈಮೇಲಿನ ಬಟ್ಟೆ ಕಸಿಯುವವನು. ಬಟ್ಟೆಗೆ ಇಷ್ಟು ಶಿಕ್ಷೆಯಾ ಅನ್ನಬೇಡಿ. ಕೈಯಲ್ಲಿ ನೂತು, ಮಗ್ಗದಲ್ಲಿ ನೇಯ್ದ ಉಣ್ಣೆಯ ಹೊದಿಕೆ ಅದು.

ಇನ್ನೊಬ್ಬ ತೊಯ್ಖೋರ್ಯುಖೋಸ್. ತೊಯ್ಖೋಸ್ ಅಂದರೆ ಗೋಡೆ, ಉಳಿದ ಭಾಗ ಅಗೆಯುವುದು. ಅಥೆನ್ಸಿನ ಮನೆಗಳ ಗೋಡೆ ಹಸಿ ಇಟ್ಟಿಗೆಯದು, ಬಾಗಿಲಿನ ತಂಟೆಗೇ ಹೋಗದೆ ಗೋಡೆ ಕೊರೆದು ಒಳಗೆ ನುಸುಳುತ್ತಿದ್ದರು. ಇಂಗ್ಲಿಷ್ ಟಿಪ್ಪಣಿಗಳಲ್ಲಿ ಇದನ್ನೆಲ್ಲ ಬಿಡಿಸಿ ಹೇಳಬೇಕಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಪದ ಇದೆ, ಕನ್ನಗಳ್ಳ. ಅಲ್ಲಿಂದಾಚೆಗೆ ಇಂಗ್ಲಿಷ್ ಬದಿಗಿಟ್ಟು ಮೊದಲು ಕನ್ನಡದಲ್ಲೇ ಹುಡುಕುತ್ತೇನೆ.

ಲ್ಯಾಟಿನ್ನಿನ ಇನ್ಸಿದಿಯಾತೋರ್ ಹಾಗೆ ಸಿಕ್ಕವನು. ಮರೆಯಲ್ಲಿ ಕೂತು ಕಾಯುವವನು, ಹೊಂಚುಗಾರ. ಕ್ರಿ.ಪೂ. 52ರಲ್ಲಿ ರೋಮಿನಿಂದ ದಕ್ಷಿಣಕ್ಕೆ ಹೋಗುವ ಅಪ್ಪಿಯನ್ ರಸ್ತೆಯಲ್ಲಿ ರಾಜಕಾರಣಿ ಕ್ಲೋದಿಯುಸ್‌ನ ಕೊಲೆಯಾಯಿತು. ಆರೋಪಿ, ಅವನ ರಾಜಕೀಯ ವೈರಿ ಮಿಲೋ ಪರವಾಗಿ ಸಿಸೆರೋ ಬರೆದಿಟ್ಟ ಭಾಷಣದಲ್ಲಿ ಇನ್ಸಿದಿಯಾತೋರ್, ಲಾತ್ರೋ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಅಂಥವನನ್ನು ಕೊಂದರೆ ಅನ್ಯಾಯ ಹೇಗಾಗುತ್ತದೆ ಅನ್ನುವುದು ಸಿಸೆರೋ ವಾದ. ಹೊಂಚು ಹಾಕಿದ್ದು ಸತ್ತವನೋ ಕೊಂದವನೋ ಅನ್ನುವುದರ ಮೇಲೆ ಕೇಸು ನಿಂತಿತ್ತು. ತೀರ್ಪು ಮಿಲೋಗೆ ವಿರುದ್ಧವಾಯಿತು, ಅವನು ಊರು ಬಿಟ್ಟು ಮಸ್ಸಿಲಿಯಾ, ಅಂದರೆ ಈಗಿನ ಫ್ರಾನ್ಸಿನ ಮಾರ್ಸೇ, ಸೇರಿದ.