ಬೆಂಗಳೂರಿನಲ್ಲಿ ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವವರಿಗೆ: ಲೆಕ್ಕ, ಕಾಗದ, ಕರಾರು

80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 26,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,12,000, ಅಂದರೆ ಶೇ 3.9. ಬ್ರೋಕರ್ ಹೇಳುವ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನೀವು ಮುಂದುವರಿಸಬೇಕು.

ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಗೆ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಶೇ 7.6, ಅಂದರೆ 6 ಲಕ್ಷ. ಕಪಾಟು, ಗೀಸರ್, ಫ್ಯಾನು, ಲೈಟಿಗೆ 4 ಲಕ್ಷ. ಹಾಕಿದ ಬಂಡವಾಳ 90 ಲಕ್ಷವಾಯಿತು. ಇನ್ನು ಆದಾಯ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಖಾಲಿ ಬೀಳುತ್ತದೆಂದು ಹಿಡಿದರೆ ಕೈಗೆ ಬರುವುದು 2,86,000. ಅದರಲ್ಲಿ ಖಾಲಿ ತಿಂಗಳ ಮೇಂಟೆನೆನ್ಸ್ 4,000, ಆಸ್ತಿ ತೆರಿಗೆ 6,000, ಸಣ್ಣಪುಟ್ಟ ರಿಪೇರಿ ಮತ್ತು ಬಣ್ಣಕ್ಕೆ 25,000, ಬ್ರೋಕರಿಗೆ ಅರ್ಧ ತಿಂಗಳ ಬಾಡಿಗೆ 13,000 ಕಳೆಯಿರಿ. ಉಳಿದದ್ದು 2,38,000. ಶೇ 2.6 ಚಿಲ್ಲರೆ, ಅದೂ ಆದಾಯ ತೆರಿಗೆಗೆ ಮೊದಲು.

ಸಾಲ ಮಾಡಿ ಕೊಂಡರಂತೂ ಚಿತ್ರವೇ ಬೇರೆ. 64 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 55,500. ಬಾಡಿಗೆ ಅದರ ಅರ್ಧಕ್ಕೂ ಬರುವುದಿಲ್ಲ. ‘ಬಾಡಿಗೇಲೇ ಕಂತು ಕಟ್ಟಬಹುದು’ ಎಂಬ ಮಾತನ್ನು ನಂಬಿ ಸಹಿ ಹಾಕಬೇಡಿ. ಮನೆ ಮೂರು ತಿಂಗಳು ಖಾಲಿ ಬಿದ್ದರೂ ಕಂತು ಕಟ್ಟುವ ಶಕ್ತಿ ಸಂಬಳದಲ್ಲೇ ಇರಬೇಕು. ಇಲ್ಲಿ ಲಾಭವೇನಿದ್ದರೂ ಜಾಗದ ಬೆಲೆ ಏರಿದರೆ ಮಾತ್ರ. ಬಾಡಿಗೆ ಆ ಕಾಯುವಿಕೆಯ ಖರ್ಚನ್ನು ಸ್ವಲ್ಪ ಹಗುರ ಮಾಡುತ್ತದೆ, ಅಷ್ಟೆ.

ಕೊಳ್ಳುವ ಮುನ್ನ

30 ವರ್ಷದ ಋಣಭಾರ ಪತ್ರ, ಮೂಲ ಪತ್ರಗಳು, ಎ ಖಾತೆ (ಪಾಲಿಕೆಯ ಸಕ್ರಮ ಆಸ್ತಿ ದಾಖಲೆ), ಇ-ಖಾತೆ (ಖಾತೆಯ ಡಿಜಿಟಲ್ ರೂಪ), ತೆರಿಗೆ ರಸೀದಿಗಳನ್ನು ವಕೀಲರಿಗೆ ತೋರಿಸುವುದನ್ನು ಎಲ್ಲರೂ ಮಾಡುತ್ತಾರೆ. ಹಲವರು ಕೇಳದೆ ಬಿಡುವುದು ಓ.ಸಿ., ಅಂದರೆ ಕಟ್ಟಡ ನಿಯಮದಂತೆ ಮುಗಿದಿದೆ, ವಾಸಿಸಬಹುದು ಎಂದು ಸ್ಥಳೀಯ ಆಡಳಿತ ಕೊಡುವ ಸ್ವಾಧೀನಾನುಭವ ಪತ್ರ. ಅದಿಲ್ಲದ ಕಟ್ಟಡಕ್ಕೆ ಕಾಯಂ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಓ.ಸಿ. ಬಂದ ಫ್ಲ್ಯಾಟಿಗೆ ಜಿ.ಎಸ್.ಟಿ.ಯೂ ಇಲ್ಲ. ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ 5, ಅಂದರೆ 80 ಲಕ್ಷಕ್ಕೆ 4 ಲಕ್ಷ.

ನೀರಿನ ಬಗ್ಗೆ ಬಿಲ್ಡರನ್ನಲ್ಲ, ವಾಚ್‌ಮನ್‌ನನ್ನು ಕೇಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಎಂಬುದು ಅವನಿಗೆ ಗೊತ್ತಿರುತ್ತದೆ. 2024ರ ಬೇಸಿಗೆ ಕಂಡ ಬಾಡಿಗೆದಾರರು ಮೊದಲು ಕೇಳುವುದೂ ಇದನ್ನೇ.

ಕರಾರು, ಅಡ್ವಾನ್ಸ್

ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. 11 ತಿಂಗಳ ಕರಾರು ಹುಟ್ಟಿದ್ದೇ ಅದನ್ನು ತಪ್ಪಿಸಲು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕರಾರಿನಲ್ಲಿ ಜಗಳಕ್ಕೆ ಕಾರಣವಾಗುವ ವಿಷಯಗಳೇ ಇರುವುದಿಲ್ಲ. ಇವನ್ನು ಅಂಕಿಯಲ್ಲೇ ಬರೆಸಿ: ಮೇಂಟೆನೆನ್ಸ್ ಯಾರದು, ನವೀಕರಣದಲ್ಲಿ ಎಷ್ಟು ಏರಿಕೆ, ಬಿಡುವ ಮುನ್ನ ಎಷ್ಟು ದಿನದ ನೋಟಿಸ್, ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರ ರೂಢಿ. ಆದರೆ ಕರಾರಿನಲ್ಲಿ ಬರೆಯದೆ ಹಿಡಿದರೆ ತಕರಾರು ಖಂಡಿತ. ಒಳಬರುವ ದಿನ ಪ್ರತಿ ಕೋಣೆ, ನಲ್ಲಿ, ಸ್ವಿಚ್ ಬೋರ್ಡಿನ ವಿಡಿಯೊ ತೆಗೆದು ಬಾಡಿಗೆದಾರರಿಗೂ ಕಳಿಸಿಬಿಡಿ.

ಅಡ್ವಾನ್ಸ್ ನಿಮ್ಮ ಹಣವಲ್ಲ. ಹಿಂದೆ ಹತ್ತು ತಿಂಗಳದ್ದು ಸಾಮಾನ್ಯವಾಗಿತ್ತು, ಈಗ ಐದಾರಕ್ಕೆ ಇಳಿದಿರುವ ಕಡೆಗಳೂ ಬೇಕಾದಷ್ಟು. ಅದನ್ನು ಖರ್ಚು ಮಾಡಿ, ಹೊಸಬರಿಂದ ಬಂದದ್ದರಲ್ಲಿ ಹಳಬರದ್ದು ತೀರಿಸೋಣ ಎಂದುಕೊಂಡವರು ಮನೆ ಖಾಲಿ ಬಿದ್ದ ತಿಂಗಳು ಸಿಕ್ಕಿಬೀಳುತ್ತಾರೆ. ಎಫ್.ಡಿ.ಯಲ್ಲಿ ಇಟ್ಟುಬಿಡಿ.

ಭೋಗ್ಯಕ್ಕೆ ಕೊಡುವುದಾದರೆ ಇದೇ ಅಪಾಯ ಹತ್ತು ಪಟ್ಟು. ತಿಂಗಳ ಬಾಡಿಗೆಯಿಲ್ಲದೆ 10 ಲಕ್ಷ ಒಟ್ಟಿಗೆ ಬಂತು ಅನ್ನಿ. ಎಫ್.ಡಿ.ಯಲ್ಲಿ ಶೇ 7ಕ್ಕೆ ಇಟ್ಟರೆ ತಿಂಗಳಿಗೆ 5,800 ಮಾತ್ರ. ಶೇ 12ರ ಸಾಲ ತೀರಿಸಿದರೆ 10,000 ಉಳಿತಾಯ. ಮನೆಯ ಬಾಡಿಗೆ ಅದಕ್ಕಿಂತ ಹೆಚ್ಚಿದ್ದರೆ ಭೋಗ್ಯ ನಷ್ಟದ ಬಾಬತ್ತು. ಮನೆ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಸಾಲ ಕೆಟ್ಟು ಬ್ಯಾಂಕು ಬಾಗಿಲಿಗೆ ಬಂದಾಗ ಭೋಗ್ಯದವರು ಹುಡುಕಿಕೊಂಡು ಬರುವುದು ನಿಮ್ಮನ್ನೇ.

ಇನ್ನೊಂದು ಸಣ್ಣ ಆದರೆ ತಲೆನೋವಿನ ವಿಷಯ ಗೃಹಜ್ಯೋತಿ. ಬಾಡಿಗೆದಾರರು ತಮ್ಮ ಆಧಾರ್ ಅನ್ನು ನಿಮ್ಮ ಮೀಟರಿನ ಆರ್.ಆರ್. ಸಂಖ್ಯೆಗೆ ಜೋಡಿಸಿರುತ್ತಾರೆ. ಮನೆ ಬಿಡುವಾಗ ಅದನ್ನು ಡಿ-ಲಿಂಕ್ ಮಾಡಿಸಿಕೊಂಡೇ ಅಡ್ವಾನ್ಸ್ ಕೊಡಿ. ಇಲ್ಲವಾದರೆ ಮುಂದೆ ಬರುವವರು ಜೋಡಿಸಿಕೊಳ್ಳುವಾಗ ತೊಡಕು.

ತೆರಿಗೆ

ಪಾಲಿಕೆಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಗಿಂತ ಹೆಚ್ಚು. ಸ್ವಂತ ವಾಸ ಎಂದು ಘೋಷಿಸಿ ಉಳಿಸಿದ್ದು ಮುಂದೆ ದಂಡ, ಬಡ್ಡಿ ಸಮೇತ ನೋಟಿಸಾಗಿ ಬರುತ್ತದೆ.

ಆದಾಯ ತೆರಿಗೆಯಲ್ಲಿ, ಬಂದ ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಸೀದಾ ಕಡಿತ ಸಿಗುತ್ತದೆ. ಬಣ್ಣ, ಬ್ರೋಕರ್, ರಿಪೇರಿ ಎಲ್ಲ ಅದರೊಳಗೇ, ಬೇರೆಯಾಗಿ ತೋರಿಸುವಂತಿಲ್ಲ. ಸಾಲದ ಬಡ್ಡಿಯನ್ನು ಇದಾದ ಮೇಲೆ ಕಳೆಯಬಹುದು. ಹಳೆ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದೊಂದಿಗೆ ವರ್ಷಕ್ಕೆ 2 ಲಕ್ಷದವರೆಗೆ ಹೊಂದಿಸಬಹುದು. ಹೊಸ ಪದ್ಧತಿಯಲ್ಲಿ ಅದಿಲ್ಲ.

ದುಬೈ, ಅಮೆರಿಕದಲ್ಲಿದ್ದು ಊರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟವರು ಗಮನಿಸಿ: ಅನಿವಾಸಿ ಮಾಲೀಕರಿಗೆ ಕೊಡುವ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರೇ ಸಾಮಾನ್ಯವಾಗಿ ಶೇ 31.2 ಟಿ.ಡಿ.ಎಸ್. ಹಿಡಿದು ಕಟ್ಟಬೇಕು. ಇದು ಗೊತ್ತಿರುವ ಬಾಡಿಗೆದಾರರು ಕಡಿಮೆ. ಕರಾರಿನಲ್ಲೇ ಬರೆಸಿ.

ಬಿಡಿಸುವುದು

ಬಾಡಿಗೆ ನಿಲ್ಲಿಸಿದವರ ನೀರು, ಕರೆಂಟು ಕಡಿಯುವುದು ನಿಮ್ಮನ್ನೇ ಆರೋಪಿ ಮಾಡುವ ದಾರಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ, ಹಾಗಾಗಿ ಇಂದಿನ ಬಹುಪಾಲು ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಬರುತ್ತವೆ. ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ. ವಕೀಲರ ಮೂಲಕ 15 ದಿನಗಳ ಲಿಖಿತ ನೋಟಿಸ್, ನಂತರ ದಾವೆ. ದಾವೆ ಎಳೆಯುತ್ತದೆ, ಆದ್ದರಿಂದ ಎರಡನೇ ತಿಂಗಳ ಬಾಡಿಗೆ ತಪ್ಪಿದ ವಾರವೇ ನೋಟಿಸ್ ಹೊರಡಲಿ, ಅಡ್ವಾನ್ಸ್‌ನಲ್ಲಿ ಇನ್ನೂ ನಾಲ್ಕು ತಿಂಗಳದ್ದು ಉಳಿದಿರುವಾಗಲೇ.