ರೊಟ್ಟಿಗೆ ಮರಳುವವರು ಮೊದಲು ಗಿರಣಿ ನೋಡಿ

ಕಲಬುರಗಿಯಲ್ಲಿದ್ದು ಆರೋಗ್ಯದ ಊಟಕ್ಕೆ ಓಟ್ಸ್, ಕಿನೋವಾ ಡಬ್ಬಿ ಹುಡುಕುವ ಅಗತ್ಯವಿಲ್ಲ. ಬಿಳಿಜೋಳ, ತೊಗರಿ, ಕುಸುಬಿ, ಅಗಸಿ, ಶೇಂಗಾ, ಪುಂಡಿ ಪಲ್ಯ (ಈ ಕಡೆ ಪಲ್ಯ ಅಂದರೆ ಸೊಪ್ಪು) ಎಲ್ಲವೂ ಸುತ್ತಿನ ಹೊಲಗಳಲ್ಲೇ ಬೆಳೆಯುತ್ತವೆ. ಆದರೆ ಊರಿನ ಎಷ್ಟೋ ಮನೆಗಳಲ್ಲಿ ಈಗ ಮಧ್ಯಾಹ್ನ ಅನ್ನ, ರಾತ್ರಿ ಚಪಾತಿ, ನಡುವೆ ಚಹಾದ ಜೊತೆ ಖಾರಿ, ಟೋಸ್ಟ್. ಮತ್ತೆ ರೊಟ್ಟಿಗೆ ಮರಳಬೇಕು ಅಂತ ಹೊರಟವರು ಸೋಲುವುದು ಸಾಮಾನ್ಯವಾಗಿ ಎರಡು ಕಡೆ: ರೊಟ್ಟಿ ಒಡೆಯುತ್ತದೆ, ಇಲ್ಲವೇ ಹೊಟ್ಟೆ ಉಬ್ಬುತ್ತದೆ. ನಮ್ಮ ನಾಲ್ಕು ಮಂದಿಯ ಮನೆಯಲ್ಲಿ ಈ ಎರಡನ್ನೂ ಸರಿಪಡಿಸಿಕೊಂಡ ಲೆಕ್ಕ ಇಲ್ಲಿದೆ.

ಮೊದಲು ಕಾಳು. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ ಸಿಕ್ಕರೆ ಬೇರೆ ನೋಡಬೇಡಿ. ಕಾಳು ದುಂಡಗೆ, ಮುತ್ತಿನ ಹಾಗೆ ಹೊಳೆಯುತ್ತಿರಬೇಕು. ಕಡಿದರೆ ಕಟ್ಟನೆ ಮುರಿಯಬೇಕು. ಮಳೆಗೆ ಸಿಕ್ಕ ಮುಂಗಾರಿ ಹೈಬ್ರಿಡ್ ಜೋಳಕ್ಕೆ ಬೂಸ್ಟು ಹಿಡಿದು ಕಾಳಿನ ಮೇಲೆ ಕಪ್ಪು ಚುಕ್ಕಿ ಇರುತ್ತದೆ. ಅದು ಅಗ್ಗ, ಆದರೆ ರೊಟ್ಟಿಗೆ ಮುಗ್ಗಲು ವಾಸನೆ ಬರುತ್ತದೆ. ಸುಗ್ಗಿ ಮುಗಿದು ಹೊಸ ಮಾಲು ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ ಬಂದಾಗ ಕೊಳ್ಳುವುದು ಒಳ್ಳೆಯದು. ದಿನಕ್ಕೊಂದು ಹೊತ್ತು ರೊಟ್ಟಿ ಅಂದರೆ ತಲೆಗೆ 100 ಗ್ರಾಂ ಹಿಟ್ಟು. ನಾಲ್ಕು ಮಂದಿಗೆ ತಿಂಗಳಿಗೆ 12 ಕಿಲೋ, ವರ್ಷಕ್ಕೆ ಹತ್ತಿರ ಹತ್ತಿರ ಒಂದೂವರೆ ಕ್ವಿಂಟಲ್. ಎರಡು ದಿನ ಬಿಸಿಲಿಗೆ ಹರಡಿ, ಆರಿದ ಮೇಲೆ ಒಣಗಿದ ಬೇವಿನೆಲೆ ಹಾಕಿ ಡಬ್ಬಿಗೆ ತುಂಬಿದರೆ ಹುಳದ ಕಾಟ ಕಡಿಮೆ. ಬಿಸಿಲಿನಿಂದ ಎತ್ತಿ ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಹುಳಕ್ಕೆ ಅದೇ ಬೇಕು.

ಹಿಟ್ಟನ್ನು ಹದಿನೈದು ದಿನಕ್ಕಾಗುವಷ್ಟೇ, ಅಂದರೆ 6 ಕಿಲೋ ಬೀಸಿಸಬೇಕು. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಅಂಗಡಿಯ ಪ್ಯಾಕೆಟ್ ಹಿಟ್ಟಿನಿಂದ ಶುರು ಮಾಡಿ ‘ನನ್ನ ಕೈಗೆ ರೊಟ್ಟಿ ಬರೂದಿಲ್ಲ’ ಅನ್ನುವವರ ಕೈಯಲ್ಲಿ ಬಹಳ ಸಲ ತಪ್ಪೇನೂ ಇರುವುದಿಲ್ಲ. ಗಿರಣಿಯಲ್ಲಿ ಜೋಳದ ಹಿಂದೆಯೇ ಜೋಳ ಹಾಕಿಸಿ. ಖಾರದಪುಡಿ ಬೀಸಿದ ಕಲ್ಲಿಗೆ ಹಾಕಿದರೆ ಹದಿನೈದು ದಿನವೂ ಕಣ್ಣಲ್ಲಿ ನೀರು. ಹಿಟ್ಟು ಕಲ್ಲಿನಿಂದ ಸುಡುಸುಡು ಬರುತ್ತದೆ. ಮನೆಗೆ ತಂದ ಕೂಡಲೇ ಚೀಲ ಬಿಚ್ಚಿ, ಹಳೇ ಸೀರೆಯ ಮೇಲೆ ಒಂದು ತಾಸು ಹರಡಿ ಆರಿಸಿ. ಜರಡಿ ಹಿಡಿಯುವುದು ಕಸ ತೆಗೆಯಲು ಮಾತ್ರ. ಸಣ್ಣ ಜರಡಿಯಲ್ಲಿ ತೌಡು ತೆಗೆದರೆ ನಾರು ಅದರ ಜೊತೆಗೇ ಹೋಗುತ್ತದೆ. ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಮಿನ ಒಳಗೆ. ಇಷ್ಟೆಲ್ಲ ಮಾಡುವುದೇ ಆ ವ್ಯತ್ಯಾಸಕ್ಕಾಗಿ.

ಇನ್ನು ಎಸರು. ನಾಲ್ಕು ರೊಟ್ಟಿಗೆ ಎರಡು ಬಟ್ಟಲು ಹಿಟ್ಟು, ಒಂದು ಬಟ್ಟಲು ನೀರು, ಕೈಗೆ ಹಚ್ಚಿಕೊಳ್ಳಲು ಇನ್ನಷ್ಟು. ಪರಾತದಲ್ಲಿ (ಅಗಲ ತಟ್ಟೆಯಲ್ಲಿ) ಹಿಟ್ಟಿನ ನಡುವೆ ಗುಳಿ ಮಾಡಿ, ನೀರು ಕುದಿಯುತ್ತಿರುವಾಗಲೇ ಸುರಿದು, ಸೌಟಿನ ಹಿಡಿಯಿಂದ ಕಲೆಸಿ, ಮೂರು ನಿಮಿಷ ಮುಚ್ಚಿಡಿ. ಹಿಟ್ಟಿನೊಳಗಿನ ಪಿಷ್ಟ ಬೇಯಲು 70 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಹಾಗೆ ಬೆಂದ ಪಿಷ್ಟವೇ ಇಲ್ಲಿ ಅಂಟಿನ ಕೆಲಸ ಮಾಡುತ್ತದೆ. ನೀರು ಬರೀ ಬೆಚ್ಚಗಿದ್ದರೆ ಎಷ್ಟು ನಾದಿದರೂ ಹಿಟ್ಟು ಕೂಡುವುದಿಲ್ಲ. ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾಲ್ಕೈದು ನಿಮಿಷ ನಾದಬೇಕು. ಎಲ್ಲ ಹಿಟ್ಟನ್ನೂ ಒಮ್ಮೆಲೇ ನಾದಿಟ್ಟರೆ ಕೊನೆಯ ರೊಟ್ಟಿಯ ಹೊತ್ತಿಗೆ ಒಣಗಿರುತ್ತದೆ. ಒಂದು ರೊಟ್ಟಿಗೆ ಬೇಕಾದಷ್ಟು ಮುರಿದುಕೊಂಡು, ನೀರು ಮುಟ್ಟಿಸಿ ಮತ್ತೆ ನಾದಿ ಬಡಿಯಿರಿ.

ಹಂಚಿಗೆ ಹಾಕುವಾಗ ಒಣ ಹಿಟ್ಟು ಹತ್ತಿದ ಮಗ್ಗಲು ಮೇಲಿರಲಿ. ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು, ಅಂಚು ಬಿಡಬಾರದು. ಮೊದಲು ಆ ನೀರು ಕನ್ನಡಿಯ ಹಾಗೆ ಹೊಳೆಯುತ್ತದೆ, ಆಮೇಲೆ ನಡುವೆ ಮಂಕಾಗುತ್ತಾ ಅಂಚಿನ ಕಡೆ ಸರಿಯುತ್ತದೆ. ಅಂಚಿನಲ್ಲಿ ಇನ್ನೂ ಪಸೆ ಇದೆ ಅನ್ನುವಾಗಲೇ ಮಗುಚಿ. ಪೂರ್ತಿ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ, ಬೇಗ ಮಗುಚಿದರೆ ಹಂಚಿಗೆ ಅಂಟುತ್ತದೆ. ಇನ್ನೊಂದು ಮಗ್ಗಲು ಬೆಂದ ಮೇಲೆ ಬೆಂಕಿಗೆ ಹಿಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ಒಂದು ಕಡೆ ಮಾತ್ರ ಉಬ್ಬಿದರೆ ಬಡಿದದ್ದು ಒಂದೇ ಸಮ ಆಗಿಲ್ಲ ಅಂತ ಅರ್ಥ. ಕಡಕ್ ರೊಟ್ಟಿ ತಿನ್ನುವವರು ಎಣಿಕೆಗೆ ಮೋಸ ಹೋಗಬೇಡಿ. ತೆಳ್ಳಗಿದೆ ಅಂತ ನಾಲ್ಕೈದು ಮುರಿದು ತಿಂದರೆ ಹಿಟ್ಟಿನ ಲೆಕ್ಕ ಮೆತ್ತನೆಯ ರೊಟ್ಟಿಯನ್ನೂ ದಾಟುತ್ತದೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಎರಡೂ ಹೊತ್ತಿನ ಅನ್ನ, ಚಪಾತಿಯನ್ನು ಒಂದೇ ದಿನಕ್ಕೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಮೊದಲ ವಾರ ಮಧ್ಯಾಹ್ನ ಒಂದು ರೊಟ್ಟಿ, ಉಳಿದದ್ದು ಅನ್ನ. ಎರಡನೇ ವಾರ ಎರಡು ರೊಟ್ಟಿ, ಒಂದು ಸೌಟು ಅನ್ನ. ರಾತ್ರಿ ಊಟವನ್ನು ಮುಟ್ಟುವುದು ಮೂರನೇ ವಾರದಿಂದ, ಅದೂ ಎಂಟು ಗಂಟೆಯೊಳಗೆ ಉಣ್ಣುವುದಾದರೆ. ನಾರು ಏರಿದಾಗ ನೀರೂ ಏರಬೇಕು. ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಮೂರು ಲೀಟರಿಗೆ ಕಡಿಮೆಯಾದರೆ ಮಲಬದ್ಧತೆ ಬರಬಹುದು, ಬೈಸಿಕೊಳ್ಳುವುದು ರೊಟ್ಟಿ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಿಯೇ ಊಟ ಬದಲಿಸಬೇಕು. ಜೋಳವೂ ಪಿಷ್ಟವೇ, ಐದು ರೊಟ್ಟಿ ತಿಂದರೆ ಸಕ್ಕರೆ ಏರದೆ ಇರದು.

ಬ್ಯಾಳಿ (ಬೇಳೆ) ಇಲ್ಲಿಯದೇ ತೊಗರಿ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದದ್ದು. ಪಾಲಿಷ್ ಇಲ್ಲದ್ದು ಮಂಕಾಗಿ, ಸ್ವಲ್ಪ ಧೂಳುಧೂಳಾಗಿ ಕಾಣುತ್ತದೆ. ಬೋರಿನ ಗಡಸು ನೀರಿನಲ್ಲಿ ಬೇಗ ಬೇಯುವುದಿಲ್ಲ ಅಂತ ಸೋಡಾ ಹಾಕುವ ರೂಢಿ ಇದೆ. ಸೋಡಾ ಬಿದ್ದರೆ ಬಿ1 ಜೀವಸತ್ವ ಹಾಳಾಗುತ್ತದೆ. ಅರ್ಧ ತಾಸು ನೆನೆಸಿ, ಕುಡಿಯುವ ನೀರಿನಲ್ಲಿ ಬೇಯಿಸಿ, ಹುಣಸೆಹಣ್ಣನ್ನು ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಎಷ್ಟು ಸೀಟಿ ಕೂಗಿದರೂ ಬ್ಯಾಳಿ ಒಡೆಯದು.

ಪಲ್ಯ ದಿನಕ್ಕೊಂದು ಇರಲೇಬೇಕು. ಮೆಂತೆ, ರಾಜಗಿರಿ, ಸಬ್ಬಸಿಗಿ ಇದ್ದೇ ಇವೆ. ಚಳಿಗಾಲದಲ್ಲಿ ಎಳೆ ಕಡ್ಲಿ ಪಲ್ಯ, ಮುಳ್ಳು ಬಲಿಯುವ ಮೊದಲಿನ ಕುಸುಬಿ ಪಲ್ಯ ಬರುತ್ತವೆ. ಹಸಿ ಹಕ್ಕರಕಿ ಸೊಪ್ಪು ರೊಟ್ಟಿ ಜೊತೆ ಹಾಗೆಯೇ ತಿನ್ನುವಂಥದ್ದು, ಆದರೆ ಮೂರು ನೀರಿನಲ್ಲಿ ತೊಳೆಯದೆ ಬೇಡ. ಪುಂಡಿಯನ್ನು ಜೋಳದ ನುಚ್ಚು, ತೊಗರಿ ಬ್ಯಾಳಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ (ಬೆಳ್ಳುಳ್ಳಿ) ಹಾಕಿ ಮಾಡಿದರೆ ಅದೇ ಒಂದು ಊಟ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಪುಂಡಿ ಕಡಿಮೆಯಿರಲಿ. ಊಟ ಮುಗಿಸಿ ಕೂಡಲೇ ಚಹಾ ಕುಡಿದರೆ ಜೋಳ, ಪಲ್ಯದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸು ಬಿಡಿ. ಈ ಊರಿನಲ್ಲಿ ಇದನ್ನು ಪಾಲಿಸುವುದೇ ರೊಟ್ಟಿ ಬಡಿಯುವುದಕ್ಕಿಂತ ಕಷ್ಟ.

ಅಡುಗೆಗೆ ಎಣ್ಣೆ ಒಬ್ಬರಿಗೆ ದಿನಕ್ಕೆ ನಾಲ್ಕು ಸಣ್ಣ ಚಮಚ, ಅಂದರೆ 20 ಮಿಲಿ. ನಾಲ್ಕು ಮಂದಿಗೆ ತಿಂಗಳಿಗೆ ಎರಡೂವರೆ ಲೀಟರ್ ಒಳಗೆ. ಗಾಣದ ಕುಸುಬಿ ಎಣ್ಣೆ ಒಗ್ಗರಣೆಗೆ ಒಳ್ಳೆಯದು, ಕರಿಯುವುದಕ್ಕೆ ಬೇಡ, ಕಾದಂತೆ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಲೀಟರಿಗಿಂತ ಹೆಚ್ಚು ತರಬೇಡಿ, ಒಲೆಯ ಪಕ್ಕ ಇಡಬೇಡಿ. ಕಮಟು ವಾಸನೆ ಬಂದರೆ ದೀಪಕ್ಕೆ ಹಾಕಿ.

ಅಗಸಿ ಹಿಂಡಿಗೆ (ಚಟ್ನಿಪುಡಿಗೆ) ಕಾಲು ಕಿಲೋ ಅಗಸಿ, ಹತ್ತು ಒಣ ಮೆಣಸಿನಕಾಯಿ, ಒಂದು ಗಡ್ಡೆ ಬಳ್ಳೊಳ್ಳಿ, ಒಂದು ಚಮಚ ಜೀರಗಿ, ಲಿಂಬೆ ಗಾತ್ರದ ಹುಣಸೆಹಣ್ಣು, ಎರಡು ಸಣ್ಣ ಚಮಚ ಉಪ್ಪು. ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ನಿಲ್ಲುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಉಳಿದದ್ದರ ಜೊತೆ ಕುಟ್ಟಿ. ಬಿಸಿಯಿರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹದಿನೈದು ದಿನದೊಳಗೆ ಮುಗಿಸಿ. ಮೇಲೆ ಹಸಿ ಎಣ್ಣೆ ಹಾಕಿಕೊಂಡರೆ ಅದನ್ನೂ ಆ ನಾಲ್ಕು ಚಮಚದಲ್ಲೇ ಎಣಿಸಿ.

ಬೇಸಿಗೆಗೆ ಅಂಬಲಿ. ಮೂರು ದೊಡ್ಡ ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಅರ್ಧ ಲೀಟರ್ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಕೈಯಾಡಿಸಿ. ಉಗುರುಬೆಚ್ಚಗಾದ ಮೇಲೆ ಅರ್ಧ ಬಟ್ಟಲು ಮಜ್ಜಿಗೆ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ಮುಚ್ಚಿಡಿ. ಸುಡುಸುಡು ಅಂಬಲಿಗೆ ಮಜ್ಜಿಗೆ ಹಾಕಿದರೆ ಒಡೆಯುತ್ತದೆ, ಹುಳಿಯೂ ಬರುವುದಿಲ್ಲ. ಮೇ ತಿಂಗಳ ರಾತ್ರಿಗೆ ಆರು ತಾಸು ಸಾಕು. ಬೆಳಿಗ್ಗೆ ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕುಡಿಯಿರಿ. ನೊರೆ ಬಂದು ಹುಳಿನಾತ ಹೊಡೆದರೆ ಚೆಲ್ಲಿ.

ಚಳಿಗೆ ಸಜ್ಜೆ ರೊಟ್ಟಿ ವಾರಕ್ಕೆರಡು ಸಲ, ಮೇಲೆ ಎಳ್ಳು ಹಚ್ಚಿ. ಸಜ್ಜೆ ಹಿಟ್ಟಿನಲ್ಲಿ ಜಿಡ್ಡು ಹೆಚ್ಚು, ಒಂದು ವಾರದಲ್ಲೇ ಕಹಿಯಾಗುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಕಿಲೋ ಬೀಸಿಸಿ. ಗಿರಣಿಯವನು ಇಷ್ಟು ಕಡಿಮೆ ಹಾಕಲ್ಲ ಅಂದರೆ ಪಕ್ಕದ ಮನೆಯವರ ಒಂದು ಕಿಲೋ ಕೂಡಿಸಿಕೊಂಡು ಹೋಗಿ.