ಬೆಕ್ಕಿಗೆ ಮನೆಯಲ್ಲೇ ಡ್ರಿಪ್: ಸೂಜಿ ಯಾವುದು ತರಬೇಕು?

ಬೆಕ್ಕಿನ ಕಿಡ್ನಿ ಸೋತಿದೆ ಅಂತ ಗೊತ್ತಾದ ಮೇಲೆ ಎಷ್ಟೋ ಸಲ ಡಾಕ್ಟರು ಚರ್ಮದ ಅಡಿಗೆ ಡ್ರಿಪ್ ಕೊಡಲು ಹೇಳುತ್ತಾರೆ. ಒಂದೆರಡು ಸಲ ಅವರೇ ಕೊಟ್ಟು ತೋರಿಸುತ್ತಾರೆ, ಆಮೇಲೆ ಮನೆಯವರದೇ ಕೆಲಸ. ಬದಿಯಡ್ಕ, ಮುಳ್ಳೇರಿಯಾ ಕಡೆಯ ತೋಟದ ಮನೆಗಳಿಂದ ಜೋರು ಮಳೆಗೆ ದಿನಾ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮೃಗಾಸ್ಪತ್ರೆಗೆ ಓಡುವುದು ಆಗುವ ಮಾತಲ್ಲ, ಅಲ್ವಾ? ಯಾವ ಡ್ರಿಪ್, ಎಷ್ಟು ಎಂ.ಎಲ್., ವಾರಕ್ಕೆ ಎಷ್ಟು ಸಲ, ಇದನ್ನೆಲ್ಲ ಡಾಕ್ಟರೇ ಹೇಳಬೇಕು. ಅದರಲ್ಲಿ ನಮ್ಮ ಬುದ್ಧಿ ಓಡಿಸಬಾರದು. ಆದರೆ ಸೂಜಿಯ ವಿಷಯ ಚೀಟಿಯಲ್ಲಿ ಬಿಟ್ಟುಹೋಗುವುದು ಜಾಸ್ತಿ. ಅಂಗಡಿಯವರು ಕೊಟ್ಟದ್ದನ್ನು ತರುತ್ತೇವೆ, ತೊಂದರೆ ಅಲ್ಲೇ ಶುರು.

ಮೊದಲು ನಂಬರ್ ನೋಡಿ. ಸೂಜಿಯ ದಪ್ಪಕ್ಕೆ ಗೇಜ್ ಅನ್ನುತ್ತಾರೆ, ನಂಬರ್ ದೊಡ್ಡದಾದಷ್ಟೂ ಸೂಜಿ ತೆಳು. 18 ಅಂದರೆ ಸುಮಾರು 1.2 ಮಿ.ಮೀ. ದಪ್ಪ, 20 ಅಂದರೆ 0.9, 22 ಅಂದರೆ 0.7. ಬೆಕ್ಕಿಗೆ ಸಾಮಾನ್ಯವಾಗಿ 18ರಿಂದ 22ರ ಒಳಗಿನದು ನಡೆಯುತ್ತದೆ. ಡಾಕ್ಟರು ಬೇರೆ ಹೇಳದಿದ್ದರೆ 20ರಿಂದ ಶುರು ಮಾಡಿ.

ಪಾಪ, ನೋವಾಗುತ್ತದೆ ಅಂತ ತೆಳು ಸೂಜಿ ತರುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ತೂತು ಅರ್ಧ ಆದರೆ ನೀರೂ ಅರ್ಧ ಬಂದೀತು ಅಂದುಕೊಳ್ಳುತ್ತೇವೆ, ಆದರೆ ಲೆಕ್ಕದ ಪ್ರಕಾರ ಬರುವುದು ಹದಿನಾರರಲ್ಲಿ ಒಂದು ಪಾಲು. ಅಷ್ಟು ವ್ಯತ್ಯಾಸ! ಚುಚ್ಚಿದ ನೋವು ಒಂದು ಕ್ಷಣದ್ದು, ಆದರೆ 23 ಅಥವಾ 24ರ ಸೂಜಿ ಹಾಕಿ 100 ಎಂ.ಎಲ್. ಇಳಿಯುವ ತನಕ ಬೆಕ್ಕನ್ನು ಹಿಡಿದು ಕೂರಿಸಿದರೆ ಅದು ಮೊದಲು ಬಾಲ ಬಡಿಯುತ್ತದೆ, ಆಮೇಲೆ ಗುರುಗುಟ್ಟುತ್ತದೆ, ಕೊನೆಗೆ ಸೂಜಿ ಕಿತ್ತುಕೊಂಡು ಅಟ್ಟ ಹತ್ತುತ್ತದೆ, ಮರುದಿನ ಬಾಟಲಿ ಕಂಡರೇ ಓಡುತ್ತದೆ. ಬೇಗ ಮುಗಿಯುವುದೇ ಬೆಕ್ಕಿಗೆ ಸುಖ. ಕೂರುವ ತಾಳ್ಮೆಯೇ ಇಲ್ಲದ ಬೆಕ್ಕಿಗೆ 18. ಚುಚ್ಚಿದ ಕೂಡಲೇ ಚೀರುವ, ಆದರೆ ಆಮೇಲೆ ಮಡಿಲಲ್ಲಿ ಸುಮ್ನೆ ಮಲಗುವ ಬೆಕ್ಕಿಗೆ ಮಾತ್ರ 22.

ಇನ್ನು ಬಣ್ಣದ ಗೊಂದಲ. ಸೂಜಿಯ ಬುಡದ ಪ್ಲಾಸ್ಟಿಕ್‌ಗೆ ನಂಬರಿಗೊಂದು ಬಣ್ಣ ಇದೆ: 18 ಗುಲಾಬಿ, 20 ಹಳದಿ, 21 ಹಸಿರು, 22 ಕಪ್ಪು, 23 ನೀಲಿ. ಆದರೆ ಆಸ್ಪತ್ರೆಯಲ್ಲಿ ಕೈಗೆ ಹಾಕುವ ಕ್ಯಾನುಲಾದ ಬಣ್ಣಗಳೇ ಬೇರೆ. ಅಲ್ಲಿ ಗುಲಾಬಿ 20, ಹಸಿರು 18, ಹಳದಿ 24. ಹಾಗಾಗಿ ಅಂಗಡಿಯಲ್ಲಿ ಬಣ್ಣ ಹೇಳಬೇಡಿ, ನಂಬರ್ ಹೇಳಿ. ನಮ್ಮ ಕಾಸರಗೋಡಿನಲ್ಲಿ ಕೌಂಟರಿನ ಆಚೆ ಮಲಯಾಳ, ಈಚೆ ಕನ್ನಡ ಅಥವಾ ತುಳು. ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಕೊಟ್ಟ ಮೇಲೆ, 20ರದ್ದಾದರೆ ಪೊಟ್ಟಣದ ಮೇಲೆ 0.9 x 25 ಅಂತ ಇದೆಯಾ ನೋಡಿಕೊಳ್ಳಿ.

ಆ 25 ಉದ್ದ, ಅಂದರೆ ಒಂದು ಇಂಚು. ಇದೇ ಸರಿ. ಅರ್ಧ ಇಂಚಿನದು ಬೆಕ್ಕು ಸ್ವಲ್ಪ ಮಿಸುಕಾಡಿದರೂ ಹೊರಗೆ ಬರುತ್ತದೆ, ಒಂದೂವರೆ ಇಂಚಿನದು ಎತ್ತಿ ಹಿಡಿದ ಚರ್ಮದ ಇನ್ನೊಂದು ಬದಿಗೆ ತೂರಿ ರೋಮ ಒದ್ದೆ ಮಾಡುತ್ತದೆ. ಕೆಲವು ಡ್ರಿಪ್ ಸೆಟ್ಟಿನ ಜೊತೆಗೇ ಒಂದು ಉದ್ದದ ಸೂಜಿ ಬರುತ್ತದೆ, ಅದನ್ನು ತೆಗೆದು ನಿಮ್ಮದನ್ನು ಹಾಕಿ. ಥಿನ್ ವಾಲ್ ಅಂತ ಬರೆದ ಸೂಜಿ ಸಿಕ್ಕಿದರೆ ಬಿಡಬೇಡಿ, ಹೊರಗಿನ ದಪ್ಪ ಅಷ್ಟೇ ಇದ್ದು ಒಳಗಿನ ತೂತು ದೊಡ್ಡದಿರುತ್ತದೆ.

ಒದ್ದಾಡುವ ಬೆಕ್ಕಿಗೆ ಬಟರ್‌ಫ್ಲೈ ಸೂಜಿಯೂ ಆಗುತ್ತದೆ. ಎರಡು ರೆಕ್ಕೆ, ಹಿಂದೆ ಸಪೂರ ಟ್ಯೂಬ್. ಬೆಕ್ಕು ಅಲುಗಾಡಿದರೂ ಸೂಜಿ ಎಳೆಯುವುದಿಲ್ಲ. ಆದರೆ ಆ ಟ್ಯೂಬಿನಿಂದಾಗಿ ಹರಿವು ನಿಧಾನ, ಅದಕ್ಕೆ ನೀಲಿ 23ರ ಬದಲು ಹಸಿರು 21 ತನ್ನಿ.

ಹರಿವು ಕಡಿಮೆ ಅಂತ ಕೂಡಲೇ ಸೂಜಿ ಬದಲಿಸಲು ಹೋಗಬೇಡಿ. ಬಾಟಲಿಯನ್ನು ಕಿಟಕಿಯ ಸರಳಿನಿಂದ ಬಿಡಿಸಿ ಇನ್ನೂ ಎತ್ತರಕ್ಕೆ ಕಟ್ಟಿ. ಕ್ಲಾಂಪ್ ಪೂರ್ತಿ ತೆರೆದಿದೆಯಾ, ಗಟ್ಟಿ ಬಾಟಲಿಯಾದರೆ ಸೆಟ್ಟಿನ ಗಾಳಿ ಮುಚ್ಚಳ ತೆರೆದಿದೆಯಾ ನೋಡಿ. ಸೂಜಿಯ ಓರೆ ಬಾಯಿ ಒಳಗೆ ಮಾಂಸಕ್ಕೆ ಒತ್ತಿಕೊಂಡಿದ್ದರೂ ನೀರು ನಿಲ್ಲುತ್ತದೆ, ಬುಡ ಹಿಡಿದು ಮೆಲ್ಲಗೆ ಕಾಲು ಸುತ್ತು ತಿರುಗಿಸಿದರೆ ಹನಿ ಮತ್ತೆ ಓಡುತ್ತದೆ. ಬಾಟಲಿಯನ್ನು ಮೊದಲೇ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿದ್ದರೆ ಬೆಕ್ಕು ನಡುಗುವುದಿಲ್ಲ. ಡ್ರಿಪ್ ಆದ ಮೇಲೆ ಉಸಿರು ಜೋರಾದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಪ್ರತಿ ಸಲ ಹೊಸ ಸೂಜಿ, ಇದರಲ್ಲಿ ರಾಜಿ ಬೇಡ. ಒಮ್ಮೆ ಚುಚ್ಚಿದ್ದರ ತುದಿ ಮೊಂಡಾಗುತ್ತದೆ, ಕೀವಿನ ಭಯ ಬೇರೆ. ಬಳಸಿದ್ದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕುತ್ತಾ ಬನ್ನಿ, ತುಂಬಿದಾಗ ಡಾಕ್ಟರ ಹತ್ತಿರ ಕೇಳಿ ಅಲ್ಲೇ ಕೊಡಿ. ಮನೆಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ‘ಹರಿತ ಕರ್ಮ ಸೇನೆ’ಯವರಿಗೆ ಕೊಡುವ ಚೀಲಕ್ಕೆ ಮಾತ್ರ ಸೂಜಿ ಹಾಕಲೇಬೇಡಿ, ಆ ಹೆಂಗಸರು ಪ್ಲಾಸ್ಟಿಕ್ ಬೇರ್ಪಡಿಸುವುದು ಕೈಯಲ್ಲೇ.